ತಲೆಬರಹಕ್ಕೆ ಅಂಕೆ, ಪುಸ್ತಕಕ್ಕೆ ಪರಿವಿಡಿ

ಶಾಲೆಯೊಂದು ಐವತ್ತು ವರ್ಷಗಳನ್ನು ಪೂರೈಸಿದಾಗ ಅದರ ಇತಿಹಾಸವನ್ನು ಪುಸ್ತಕರೂಪದಲ್ಲಿ ಹೊರತರಬೇಕೆಂಬ ಅಪೇಕ್ಷೆ ಸಹಜವಾದುದು. ಉಮರಗಾ, ನಿಲಂಗಾ, ಉದಗೀರ ಸೀಮೆಯ ಕನ್ನಡಿಗರಾದ ನಮಗೆ ಇದು ಬರಿಯ ಸಂಭ್ರಮದ ಮಾತಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ನಿಲಂಗಾ ಮತ್ತು ಉದಗೀರ ತಾಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು; 1982ರಲ್ಲಿ ಲಾತೂರ ಜಿಲ್ಲೆ ರಚನೆಯಾದಾಗ ಅದರೊಳಗೆ ಬಂದವು. ಉಮರಗಾ ಹಿಂದಿನ ಉಸ್ಮಾನಾಬಾದ, ಇಂದಿನ ಧಾರಾಶಿವ ಜಿಲ್ಲೆಯಲ್ಲಿದೆ. ಇಲ್ಲಿ ಕಚೇರಿಯ ಕಾಗದ ಮರಾಠಿಯಲ್ಲಿ, ತರಗತಿಯ ಪಾಠ ಕನ್ನಡದಲ್ಲಿ. ನಮ್ಮ ಮಕ್ಕಳು ಕನ್ನಡದಲ್ಲಿ ಕಲಿತರೆಂಬುದಕ್ಕೆ ನಾಳೆ ಸಾಕ್ಷಿಯಾಗಿ ಉಳಿಯುವವು ಇಂಥ ಪುಸ್ತಕಗಳೇ. ಆದರೆ ಹುಡುಕಿದುದು ದೊರೆಯದಿದ್ದರೆ ಆ ಸಾಕ್ಷಿ ಇದ್ದೂ ಇಲ್ಲದಂತೆ. ಆದುದರಿಂದ ಪರಿವಿಡಿಯ ವಿಚಾರವಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ವಿಷಯವನ್ನು ವಿಭಾಗಿಸಿ ಹೇಳುವುದು ನಮಗೆ ಹೊಸದಲ್ಲ. ಕವಿರಾಜಮಾರ್ಗದಲ್ಲಿ ಮೂರು ಪರಿಚ್ಛೇದಗಳಿವೆ. ಕೇಶಿರಾಜನು ಶಬ್ದಮಣಿದರ್ಪಣವನ್ನು ಸಂಧಿ, ನಾಮ, ಸಮಾಸ ಮೊದಲಾದ ಪ್ರಕರಣಗಳಾಗಿ ಅಳವಡಿಸಿದನು. ಕಂಪ್ಯೂಟರು ಕೇಳುವುದೂ ಇದನ್ನೇ: ಯಾವುದು ಅಧ್ಯಾಯ, ಯಾವುದು ಅದರ ಉಪವಿಭಾಗ ಎಂದು ನಾವು ಮೊದಲು ತಿಳಿಸಬೇಕು.

ಅನೇಕರು ತಲೆಬರಹವನ್ನು ದಪ್ಪಕ್ಷರದಲ್ಲಿ ಬರೆದು, ಹಿಂದೆ ಕೈಯಿಂದಲೇ ‘1.2’ ಎಂದು ಹಾಕುತ್ತಾರೆ. ಕಣ್ಣಿಗೆ ಅದು ತಲೆಬರಹ. ಯಂತ್ರಕ್ಕೆ ಮಾತ್ರ ಸಾಮಾನ್ಯ ಸಾಲು. ನಡುವೆ ಒಂದು ಅಧ್ಯಾಯ ಸೇರಿದರೆ ಮುಂದಿನ ಅಂಕೆಗಳನ್ನೆಲ್ಲ ತಿದ್ದಬೇಕಾಗುತ್ತದೆ. ಇದಕ್ಕೆ ಬದಲಾಗಿ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಅಧ್ಯಾಯದ ಹೆಸರಿಗೆ ‘ಹೆಡಿಂಗ್ 1’, ಉಪವಿಭಾಗಕ್ಕೆ ‘ಹೆಡಿಂಗ್ 2’ ಎಂಬ ಶೈಲಿಯನ್ನು ಕೊಡಬೇಕು. ಬಳಿಕ ‘ಮಲ್ಟಿಲೆವೆಲ್ ಲಿಸ್ಟ್’ನಲ್ಲಿ ಹೆಡಿಂಗ್ ಶೈಲಿಗಳಿಗೆ ಜೋಡಿಸಿದ ಮಾದರಿಯನ್ನು ಆರಿಸಿದರೆ 1, 1.1, 1.2 ಎಂಬ ಅಂಕೆಗಳು ತಾವಾಗಿಯೇ ಬೀಳುತ್ತವೆ. ಕೊನೆಗೆ ‘ರೆಫರೆನ್ಸಸ್’ ವಿಭಾಗದ ‘ಟೇಬಲ್ ಆಫ್ ಕಂಟೆಂಟ್ಸ್’ ಒತ್ತಿದರೆ ಅಂಕೆ, ಹೆಸರು, ಪುಟಸಂಖ್ಯೆಗಳೊಡನೆ ಪರಿವಿಡಿ ಸಿದ್ಧ. ಉಚಿತವಾಗಿ ದೊರೆಯುವ ಲಿಬ್ರೆಆಫೀಸ್‌ನಲ್ಲಿ ಅಂಕೆಯ ಏರ್ಪಾಡು ‘ಟೂಲ್ಸ್’ನಲ್ಲಿಯೂ ಪರಿವಿಡಿ ‘ಇನ್ಸರ್ಟ್’ನಲ್ಲಿಯೂ ಇವೆ.

ಒಂದು ಮಾತು ನೆನಪಿರಲಿ: ಬರೆಹ ಬೆಳೆದಂತೆ ಪರಿವಿಡಿ ತಾನಾಗಿ ಬದಲಾಗುವುದಿಲ್ಲ. ವರ್ಡ್‌ನಲ್ಲಿ ಅದರ ಮೇಲೆ ಕ್ಲಿಕ್ಕಿಸಿ ಎಫ್9 ಕೀಲಿಯನ್ನೊತ್ತಿ, ಪುಟಸಂಖ್ಯೆಯನ್ನಷ್ಟೇ ಅಲ್ಲದೆ ಇಡೀ ಪಟ್ಟಿಯನ್ನು ನವೀಕರಿಸಬೇಕು. ಮುದ್ರಣಾಲಯಕ್ಕೆ ಕಳುಹಿಸುವ ಮುನ್ನ ಇದು ಕಡೆಯ ಕೆಲಸ.

ಕನ್ನಡಕ್ಕೆ ವಿಶಿಷ್ಟವಾದ ತೊಡಕೊಂದುಂಟು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಕ್ಷರದ ರೂಪ ಕನ್ನಡದ್ದು, ಒಳಗಿನ ಸಂಕೇತ ಇಂಗ್ಲಿಷಿನದು. ಪರಿವಿಡಿಗೆ ತನ್ನದೇ ಶೈಲಿ, ತನ್ನದೇ ಫಾಂಟು ಇರುವುದರಿಂದ, ಒಳಗೆ ಚೆನ್ನಾಗಿ ಕಾಣುವ ತಲೆಬರಹ ಅಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಮೂಡಬಹುದು. ‘ಟಿಒಸಿ 1’, ‘ಟಿಒಸಿ 2’ ಎಂಬ ಶೈಲಿಗಳಿಗೂ ಅದೇ ಫಾಂಟನ್ನು ಕೊಡುವುದು ತಾತ್ಕಾಲಿಕ ಉಪಾಯ; ಯೂನಿಕೋಡ್‌ನಲ್ಲಿ ಬರೆಯುವುದೇ ಶಾಶ್ವತ ಪರಿಹಾರ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ಥಾನವಿದೆ. ನಮ್ಮಂತೆ ಒಂದೇ ತಲೆಬರಹದಲ್ಲಿ ಕನ್ನಡವನ್ನೂ ಮರಾಠಿಯನ್ನೂ ಬರೆಯಬೇಕಾದವರಿಗೆ, ಎರಡೂ ಲಿಪಿಗಳನ್ನೊಳಗೊಂಡ ‘ನಿರ್ಮಲಾ ಯುಐ’ಯಂಥ ಫಾಂಟು ಅನುಕೂಲ.

ಮ್ಯಾಟ್ರಿಕ್‌ವರೆಗೆ ಕನ್ನಡದಲ್ಲಿಯೇ ಓದಿದ ನನಗೆ, ಎಪ್ಪತ್ತು ದಾಟಿದ ಮೇಲೂ ಇದು ಕೈವಶವಾಯಿತು. ಇಂಗ್ಲಿಷ್ ಬಾರದೆಂಬ ಅಳುಕು ಯಾರಿಗೂ ಬೇಡ. ನಮ್ಮ ಹಳೆಯ ವಿದ್ಯಾರ್ಥಿಗಳು ತಂತಮ್ಮ ಊರಿನ ಶಾಲೆಯ ಹಾಜರಿ ಪುಸ್ತಕ, ಗುರುಗಳ ನಾಮಾವಳಿ, ವರದಿಗಳನ್ನು ಹೀಗೆ ಕ್ರಮಪಡಿಸಿದರೆ, ಅಜ್ಜನ ಹೆಸರನ್ನು ಅರಸಿ ಬರುವ ಮೊಮ್ಮಗಳಿಗೆ ಅದು ಇಂಥ ಪುಟದಲ್ಲಿದೆಯೆಂದು ತೋರಿಸಬಹುದು. ಆ ಸೇವೆ ಸಣ್ಣದಲ್ಲ.