ಗೋಡೆಯ ಮೇಲಿನ ಆ ಪುಟ್ಟ ಡಬ್ಬಿ

ದೀಪಾವಳಿಗೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಗೋಡೆಯ ಬಿರುಕು ನೋಡುತ್ತೀರಿ, ಬಾಗಿಲಿಗೆ ಹತ್ತಿದ ಗೆದ್ದಲು ನೋಡುತ್ತೀರಿ, ಸೋರುವ ನಲ್ಲಿಯ ವಾಷರನ್ನೂ ಬದಲಾಯಿಸುತ್ತೀರಿ. ಆದರೆ ಗೋಡೆಯ ಮೇಲ್ತುದಿಯಲ್ಲಿ, ಸೂರಿಗೆ ತಾಗಿದಂತೆ ಕುಳಿತಿರುವ ಆ ದುಂಡನೆಯ ಡಬ್ಬಿಯ ಮುಚ್ಚಳ ತೆಗೆಸಿ ನೋಡಿದ್ದುಂಟೆ? ಎಷ್ಟೋ ಮನೆಗಳಲ್ಲಿ ಬಣ್ಣದವನು ಅದರ ಮೇಲೂ ಒಂದು ಕೈ ಬಳಿದು ಹೋಗಿರುತ್ತಾನೆ. ಅದೇ ಜಂಕ್ಷನ್ ಬಾಕ್ಸ್. ಮೇನ್ ಬೋರ್ಡಿನಿಂದ ಬಂದ ತಂತಿ ಅಲ್ಲಿ ಕವಲೊಡೆದು ದೀಪಕ್ಕೆ, ಫ್ಯಾನಿಗೆ, ಸ್ವಿಚ್ಚಿಗೆ ಹೋಗುತ್ತದೆ.

"ದೀಪ ಉರೀತಾ ಇದೆಯಲ್ಲ, ಇನ್ನೇನು?" ಎನ್ನಬೇಡಿ. ಜೋಡಣೆ ಸಡಿಲವಾಗಿದ್ದರೂ ದೀಪ ಉರಿಯುತ್ತಲೇ ಇರುತ್ತದೆ.

ಒಳಗೆ ಏನಿರುತ್ತದೆ?

ಮರದ ಪಟ್ಟಿಯ ಮೇಲೆ ವೈರಿಂಗ್ ಮಾಡಿದ ಹಳೆಯ ಮನೆಗಳಲ್ಲಿ ತಂತಿಗೆ ರಬ್ಬರಿನ ಹೊದಿಕೆ, ಅದರ ಮೇಲೆ ಹತ್ತಿನೂಲಿನ ಹೆಣಿಗೆ. ವರ್ಷಗಳು ಕಳೆದಂತೆ ಈ ರಬ್ಬರು ಹಪ್ಪಳದಂತೆ ಗರಿಗರಿಯಾಗುತ್ತದೆ. ಬಗ್ಗಿಸಿದರೆ ಪುಡಿಯಾಗಿ ಉದುರಿ ಒಳಗಿನ ಲೋಹ ಬೆತ್ತಲಾಗುತ್ತದೆ. ಮುಂದೆ ಬಂದ ಪಿ.ವಿ.ಸಿ. ತಂತಿಯೂ ಬಿಸಿ ತಿಂದು ತಿಂದು ಗಟ್ಟಿಯಾಗಿ ಸೀಳುತ್ತದೆ.

ಹೊದಿಕೆಗಿಂತ ಹೆಚ್ಚು ತೊಂದರೆ ಕೊಡುವುದು ಜೋಡಣೆ. ಎರಡು ತಂತಿಗಳನ್ನು ಬರಿಗೈಯಲ್ಲಿ ಹುರಿಮಾಡಿ ಟೇಪು ಸುತ್ತಿಬಿಡುವುದು ಹಳೆಯ ರೂಢಿ. ಟೇಪಿನ ಅಂಟು ಒಣಗಿ ಬಿಚ್ಚಿಕೊಳ್ಳುತ್ತದೆ, ಹುರಿ ಸಡಿಲವಾಗುತ್ತದೆ. ಹಳೆಯ ಅಲ್ಯೂಮಿನಿಯಂ ತಂತಿಗೆ ಹೊಸ ತಾಮ್ರದ ತಂತಿಯನ್ನು ನೇರವಾಗಿ ಸೇರಿಸಿದ್ದರಂತೂ ಕಷ್ಟ ಬೇಗ. ಎರಡು ಲೋಹಗಳು ಹಿಗ್ಗಿ ಕುಗ್ಗುವ ಪ್ರಮಾಣ ಬೇರೆ. ತೇವ ಸೇರಿದರೆ ಕಿಲುಬು ಬೇರೆ. ಸಡಿಲವಾದ ಕಡೆ ತಂತಿ ಕಾಯುತ್ತದೆ, ಕಾದಷ್ಟೂ ಇನ್ನೂ ಸಡಿಲವಾಗುತ್ತದೆ. ಸುತ್ತ ಇರುವುದು ಒಣಗಿದ ಮರ.

"ಎಂ.ಸಿ.ಬಿ. ಹಾಕಿಸಿದೀವಲ್ಲ!" ಎನ್ನುತ್ತೀರಿ. ಮಿತಿಮೀರಿ ಕರೆಂಟು ಹರಿದರೆ ಮಾತ್ರ ಅದು ಬೀಳುತ್ತದೆ. ಸಡಿಲ ಜೋಡಣೆಯಲ್ಲಿ ಹರಿಯುವ ಕರೆಂಟು ಎಂದಿನಷ್ಟೇ; ಆದ್ದರಿಂದ ಅದಕ್ಕೆ ಈ ಬಿಸಿ ಗೊತ್ತೇ ಆಗುವುದಿಲ್ಲ.

ನಿಮ್ಮ ಕಣ್ಣು, ಕಿವಿ, ಮೂಗು

ದಿನವಿಡೀ ಮನೆಯಲ್ಲಿ ಓಡಾಡುವವರಿಗೇ ಮೊದಲ ಸುಳಿವು ಸಿಗುವುದು. ಇವನ್ನು ಗಮನಿಸಿ:

• ಗಾಳಿಯಿಲ್ಲದಿದ್ದರೂ ದೀಪ ಮಿಣಮಿಣ ಎನ್ನುವುದು, ಫ್ಯಾನ್ ಹಾಕಿದಾಗ ಪಕ್ಕದ ದೀಪ ಕುಗ್ಗುವುದು.
• ಡಬ್ಬಿಯಿಂದ ಚಿಟಚಿಟ ಸದ್ದು, ಸುಟ್ಟ ಪ್ಲಾಸ್ಟಿಕ್ಕಿನ ಅಥವಾ ಮೀನಿನಂಥ ವಾಸನೆ.
• ಮುಚ್ಚಳದ ಸುತ್ತ ಕಂದು ಕಲೆ, ಕರಗಿದ ಗುರುತು.
• ಮಳೆಗಾಲದಲ್ಲಿ ಗೋಡೆಯನ್ನೋ ಸ್ವಿಚ್ಚನ್ನೋ ಮುಟ್ಟಿದರೆ ಜುಮ್ಮೆನ್ನುವುದು.
• ಸ್ವಿಚ್ ಆರಿಸಿದರೂ ಎಲ್.ಇ.ಡಿ. ಬಲ್ಬು ಮಂಕಾಗಿ ಬೆಳಗುವುದು. ಸ್ವಿಚ್ಚನ್ನು ಫೇಸ್ ತಂತಿಗೆ ಬದಲು ನ್ಯೂಟ್ರಲ್ಲಿಗೆ ಕೊಟ್ಟಿದ್ದರೆ ಹೀಗಾಗಬಹುದು. ಆಗ ದೀಪ ಆರಿದ್ದರೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ!

ಇವುಗಳಲ್ಲಿ ಒಂದು ಕಂಡರೂ ನಾಳೆಗೆ ತಳ್ಳಬೇಡಿ. ವಾಸನೆ, ಸದ್ದು ಅಥವಾ ಜುಮ್ಮೆನ್ನುವುದು ಕಂಡರೆ ಗೋಡೆಯನ್ನು ಮತ್ತೆ ಮುಟ್ಟದೆ, ಒಣಗಿದ ಕೈಯಲ್ಲಿ ಮೇನ್ ಆಫ್ ಮಾಡಿ ಜನ ಕರೆಸಿ.

ಮೇನ್ ಆಫ್ ಮಾಡಿದರೆ ಸಾಲದು

ಇನ್ವರ್ಟರ್ ಇರುವ ಮನೆಯಲ್ಲಿ ಇದು ಪ್ರಾಣದ ಮಾತು. ಮೇನ್ ಆರಿಸಿದೊಡನೆ ಇನ್ವರ್ಟರ್ ತಾನಾಗಿ ದೀಪದ ತಂತಿಗಳಿಗೆ ಕರೆಂಟು ಕೊಡತೊಡಗುತ್ತದೆ. ಅದನ್ನೂ ಆರಿಸಬೇಕು. ಆಮೇಲೂ ಕೆಲಸದವರು ಮೀಟರು ಹಿಡಿದು ಕರೆಂಟಿಲ್ಲವೆಂದು ಖಚಿತ ಮಾಡಿಕೊಳ್ಳಲಿ. ಕುತೂಹಲಕ್ಕೆಂದು ನೀವೇ ಸ್ಟೂಲು ಹತ್ತಿ ಮುಚ್ಚಳ ಬಿಚ್ಚಬೇಡಿ, ಮಕ್ಕಳಿಗೂ ಬಿಡಬೇಡಿ.

ಯಾರಿಂದ, ಏನು ಮಾಡಿಸಬೇಕು?

ನಮ್ಮ ರಾಜ್ಯದಲ್ಲಿ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಪಡೆದ ಗುತ್ತಿಗೆದಾರರಿದ್ದಾರೆ. ಅವರನ್ನೇ ಕರೆಸಿ, ಕೆಲಸದ ಹೊತ್ತಿನಲ್ಲಿ ಪಕ್ಕದಲ್ಲೇ ನಿಂತು ಕೇಳಿ.

1. ಮನೆಯ ಎಲ್ಲ ಡಬ್ಬಿಗಳನ್ನೂ ತೆಗೆದು ನೋಡಿದಿರಾ? ಫಾಲ್ಸ್ ಸೀಲಿಂಗ್ ಹಿಂದೆ ಮುಚ್ಚಿಹೋದದ್ದೂ ಸೇರಿ. ಮುಚ್ಚಳ ಎಂದಿಗೂ ಕೈಗೆ ಸಿಗುವಂತಿರಬೇಕು.
2. ಟೇಪು ಸುತ್ತಿದ ಹುರಿ ತೆಗೆದು ಸ್ಕ್ರೂ ಇರುವ ಕನೆಕ್ಟರ್ ಹಾಕಿದಿರಾ? ತಾಮ್ರ, ಅಲ್ಯೂಮಿನಿಯಂ ಸೇರುವ ಕಡೆ ಅದಕ್ಕೆಂದೇ ಇರುವ ಕನೆಕ್ಟರ್ ಬೇಕು.
3. ಡಬ್ಬಿ ಕಬ್ಬಿಣದ್ದಾದರೆ ಅದಕ್ಕೆ ಅರ್ತ್ ತಂತಿ ಇದೆಯೆ? ಹಳೆಯ ದೀಪದ ವೈರಿಂಗಿನಲ್ಲಿ ಅನೇಕ ಕಡೆ ಫೇಸ್, ನ್ಯೂಟ್ರಲ್ ಎರಡೇ ತಂತಿ.
4. ಮೆಗ್ಗರ್ ಹಿಡಿದು ನೋಡಿದಿರಾ? 500 ವೋಲ್ಟಿನಲ್ಲಿ ಪರೀಕ್ಷಿಸಿದಾಗ ಹೊದಿಕೆಯ ತಡೆ ಕನಿಷ್ಠ 1 ಮೆಗಾ ಓಮ್ ಬರಬೇಕು. ಅದಕ್ಕೆ ಮೊದಲು ಎಲ್.ಇ.ಡಿ. ಬಲ್ಬುಗಳನ್ನು ಕಳಚಿರಬೇಕು, ಇಲ್ಲದಿದ್ದರೆ ಅವು ಕೆಟ್ಟಾವು.

"ಏನೂ ಆಗಲ್ಲ ಬಿಡಮ್ಮ, ಟೇಪು ಸುತ್ತಿ ಕೊಡ್ತೀನಿ" ಎಂದರೆ ಒಪ್ಪಬೇಡಿ. ಮುಟ್ಟಿದರೆ ಉದುರುವ ತಂತಿಗೆ ಟೇಪು ಮದ್ದಲ್ಲ. ಆ ತಂತಿಯನ್ನೇ ಬದಲಿಸಬೇಕು. ದೀಪಕ್ಕೆ ಐ.ಎಸ್.ಐ. ಗುರುತಿನ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಸಾಕು.

ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ

ಇಡೀ ಮನೆಯ ವೈರಿಂಗ್ ಒಮ್ಮೆಗೇ ಆಗದ ಮಾತು ಎನ್ನುವವರು ಬಚ್ಚಲುಮನೆ, ಅಡಿಗೆಮನೆ, ನೀರು ಜಿನುಗುವ ಗೋಡೆ ಇವುಗಳಿಂದ ಶುರುಮಾಡಿ. ಜೊತೆಗೆ ಮೇನ್ ಬೋರ್ಡಿಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸಿ. ಕರೆಂಟು ದಾರಿ ತಪ್ಪಿ ಮೈಮೂಲಕವೋ ಗೋಡೆಯ ಮೂಲಕವೋ ನೆಲಕ್ಕೆ ಸೋರಿದರೆ ಅದು ಕಣ್ಣು ಮಿಟುಕಿಸುವುದರೊಳಗೆ ಕಡಿದುಬಿಡುತ್ತದೆ. ಸಡಿಲ ಜೋಡಣೆಯ ಬಿಸಿಯನ್ನು ಇದೂ ಹಿಡಿಯದು, ಹಾಗಾಗಿ ಡಬ್ಬಿ ತೆಗೆಸುವ ಕೆಲಸ ತಪ್ಪಿದ್ದಲ್ಲ. ಹಳೆಯ ಮನೆಯಲ್ಲಿ ಅದು ಪದೇಪದೇ ಬೀಳಬಹುದು. "ಪೀಡೆ" ಎಂದು ಕಿತ್ತು ಹಾಕಿಸಬೇಡಿ. ಎಲ್ಲೋ ಕರೆಂಟು ಸೋರುತ್ತಿದೆ ಎಂದು ಅದು ಹೇಳುತ್ತಿದೆ, ಎಲ್ಲೆಂದು ಹುಡುಕಿಸಿ.

ಈ ಸಲ ಬಣ್ಣದವರಿಗೆ ದಿನ ಗೊತ್ತುಮಾಡುವ ಮುಂಚೆ ವೈರಿಂಗಿನವರಿಗೆ ಹೇಳಿ ಕಳಿಸಿ. ಮುಚ್ಚಳಗಳೆಲ್ಲ ತೆರೆದು, ಜೋಡಣೆ ಸರಿಯಾಗಿ, ಮತ್ತೆ ಮುಚ್ಚಿದ ಮೇಲೆ ಸುಣ್ಣ ಹೊಡೆಯಲಿ. ಡಬ್ಬಿಯ ಮೇಲೆ ಮಾತ್ರ ಬಳಿಯಬೇಡಿ ಎಂದು ಹೇಳುವುದನ್ನು ಮರೆಯಬೇಡಿ.