ಹಾಲು ಹಾಕಿ ಬಂದು ಹತ್ತು ಕಿಲೋಮೀಟರ್

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಕೊಟ್ಟಿಗೆ ಬಾಚಿ, ಹಸು ಕರೆದು, ಆರೂವರೆಗೆ ಡೇರಿಗೆ ಹಾಲು ಹಾಕಿ ಬಂದವನು ಮತ್ತೆ ಬೂಟು ಕಟ್ಟಿಕೊಂಡು ವಿ.ಸಿ. ನಾಲೆ ಏರಿ ಮೇಲೆ ಓಡಿದರೆ ಊರಿನವರು ಏನಂದಾರು? ಮೊದಲ ದಿನ ನನ್ನನ್ನು ಕಂಡ ಕಬ್ಬಿನ ಟ್ರಾಕ್ಟರಿನವರು ಗಾಡಿ ನಿಲ್ಲಿಸಿ, "ಏನಣ್ಣ, ಹಸ ಏನಾರ ಕಿತ್ಕಂಡ್ ಓಡೋಯ್ತಾ?" ಅಂದರು. ಹೌದು ಅಂದುಬಿಟ್ಟೆ. ನಿಜ ಹೇಳುವುದಕ್ಕಿಂತ ಅದೇ ಸುಲಭವಾಗಿತ್ತು.

ನಿಜ ಏನೆಂದರೆ, ನನಗೆ ಆಗ 43 ವರ್ಷ. ರಕ್ತ ಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ 6.2 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಎಂದು ಅರ್ಥ. ನಮ್ಮಪ್ಪನಿಗೆ ಗದ್ದೆಯಲ್ಲಿ ಒಂದು ಮುಳ್ಳು ಚುಚ್ಚಿತ್ತು, ಅಷ್ಟೇ. ಸಕ್ಕರೆಯಿಂದ ಕಾಲಿನಲ್ಲಿ ಸ್ಪರ್ಶವೇ ಇರಲಿಲ್ಲವಾದ್ದರಿಂದ ಗಾಯ ಆಗಿದ್ದೂ ಗೊತ್ತಾಗಲಿಲ್ಲ. ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಮಂಡಿಯಿಂದ ಕೆಳಗೆ ಕಾಲೇ ಹೋಯಿತು. ಕೊನೆಯ ನಾಲ್ಕು ವರ್ಷ ಜಗುಲಿ ಮೇಲೆ ಕುಳಿತು ನಾನು ಹಸು ಕರೆಯುವುದನ್ನು ನೋಡುತ್ತಿದ್ದರು. ಡಾಕ್ಟರು ನನ್ನ ಚೀಟಿ ನೋಡಿ "ನಡೀರಿ, ಆದ್ರೆ ಓಡಿ" ಅಂದಾಗ ಕಣ್ಣ ಮುಂದೆ ಬಂದಿದ್ದು ಆ ಜಗುಲಿ.

ನಾವು ದಿನವಿಡೀ ಕೆಲಸ ಮಾಡುವವರು, ನಮಗ್ಯಾಕೆ ವ್ಯಾಯಾಮ ಎಂಬ ಮಾತನ್ನು ನಾನೂ ಬಹಳ ಆಡಿದ್ದೇನೆ. ಲೆಕ್ಕ ಹಾಕಿ ನೋಡಿದರೆ, ಮೇವು ಕತ್ತರಿಸಲು ಮಿಷನ್ನು, ಗದ್ದೆಗೆ ಹೋಗಲು ಬೈಕು, ಡೇರಿಗೂ ಬೈಕು. ಅಪ್ಪನ ಕಾಲದಲ್ಲಿ ಇದ್ದ ನಡಿಗೆ ಅರ್ಧವೂ ಉಳಿದಿಲ್ಲ. ಮುದ್ದೆ ಮಾತ್ರ ಅಷ್ಟೇ ಗಾತ್ರ.

ಮೊದಲ ವಾರ ಸೇತುವೆಯಿಂದ ಪಂಪ್‌ಹೌಸ್‌ವರೆಗೆ ಮುನ್ನೂರು ಮೀಟರ್ ಓಡಿ ಏದುಸಿರು ಬಿಟ್ಟೆ. ಮೂರು ತಿಂಗಳಿಗೆ ಮೂರು ಕಿಲೋಮೀಟರ್ ಆಯಿತು. ಹುಮ್ಮಸ್ಸು ಬಂದು ಮುಂದಿನ ವಾರವೇ ಎಂಟಕ್ಕೆ ಏರಿಸಿದೆ. ಮೊಣಕಾಲ ಕೆಳಗಿನ ಮೂಳೆ ಹಿಡಿದುಕೊಂಡು ಕುಂಟತೊಡಗಿದೆ. ಹಸು ನೋಡಲು ಬಂದಿದ್ದ ಪಶುವೈದ್ಯರು ನಕ್ಕರು: "ಹಸಕ್ಕೆ ಒಂದೇ ದಿನ ಎರಡು ಕೆ.ಜಿ. ಹಿಂಡಿಯಿಂದ ಆರು ಕೆ.ಜಿ.ಗೆ ಏರ್ಸಿದ್ರೆ ಏನಾಯ್ತದೆ?" ಹೊಟ್ಟೆ ಹುಳಿಯಾಗಿ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಅದು ನಮಗೆಲ್ಲ ಗೊತ್ತು. ಹಸುವಿನ ಹೊಟ್ಟೆಗೆ ಕೊಡುವ ಸಮಯವನ್ನು ನನ್ನ ಕಾಲಿಗೆ ಕೊಟ್ಟಿರಲಿಲ್ಲ. ಆಮೇಲೆ ವಾರಕ್ಕೆ ಅರ್ಧ, ಹೆಚ್ಚೆಂದರೆ ಒಂದು ಕಿಲೋಮೀಟರ್ ಮಾತ್ರ ಏರಿಸಿದೆ. ಪಕ್ಕದವರ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನ ಇರಬೇಕು ಎಂಬುದು ಎರಡನೇ ಪಾಠ. ಪಕ್ಕದಲ್ಲಿ ಯಾರೂ ಇಲ್ಲದ್ದರಿಂದ ನಾನು ನಾಯಿಯ ಜೊತೆ ಮಾತಾಡುತ್ತಿದ್ದೆ.

ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಓಟದ ವಿಷಯ ಹೇಳಿದ್ದು ನನ್ನ ಭಾಮೈದ. ವಿದೇಶದ ದೊಡ್ಡ ಓಟಗಾರರು ಓಡುವ ದಿನವೇ, ಅದೇ ಊರಿನ ರಸ್ತೆಯಲ್ಲಿ, ಹಣ ಕಟ್ಟಿ ಹೆಸರು ಬರೆಸಿದ ನಮ್ಮಂಥವರೂ ಓಡಬಹುದು. ಅವನೇ ಮೊಬೈಲಿನಲ್ಲಿ ಹೆಸರು ನೋಂದಾಯಿಸಿದ. ಓಟ ಏಪ್ರಿಲ್ ಕೊನೆಯ ಭಾನುವಾರ.

ಆ ವರ್ಷ ನಾನು ಓಡಲಿಲ್ಲ. ಹಿಂದಿನ ಜುಲೈ 20ಕ್ಕೆ ನಮ್ಮ ಎಚ್‌ಎಫ್ ಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸಿದ್ದೆ. 280 ದಿನ ಎಣಿಸಿದರೆ ಏಪ್ರಿಲ್ 26. ಹೈನುಗಾರನಾದವನು ಹಣ ಕಟ್ಟುವ ಮೊದಲು ನೋಡಬೇಕಾದ ಲೆಕ್ಕ ಇದೊಂದೇ, ಅದನ್ನೇ ಮರೆತಿದ್ದೆ. ಶುಕ್ರವಾರ ರಾತ್ರಿ ಕರು ಹಾಕಿತು. ಶನಿವಾರ ಬ್ಯಾಗು ಹಿಡಿದು ರೈಲಿಗೆ ಹೊರಡುವ ಹೊತ್ತಿಗೆ ಹಸು ಮಲಗಿದ್ದು ಏಳಲಿಲ್ಲ. ಕತ್ತು ಪಕ್ಕೆಗೆ ತಿರುಗಿಸಿಕೊಂಡಿತ್ತು, ಕಿವಿ ತಣ್ಣಗಿತ್ತು. ಹಾಲು ಜ್ವರ. ಡಾಕ್ಟರು ಬಂದು ನರಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಹಾಕಿದ ಮೇಲೆ ಎದ್ದು ನಿಂತಿತು. ಅಷ್ಟರಲ್ಲಿ ನನ್ನ ರೈಲು ರಾಮನಗರ ದಾಟಿತ್ತು. ಕಟ್ಟಿದ ಹಣ ಹೋಯಿತು. ಹಸು ಉಳಿಯಿತು. ಆದರೂ ಭಾನುವಾರ ಬೆಳಿಗ್ಗೆ ಸಗಣಿ ಎತ್ತುವಾಗ ಮನಸ್ಸು ಮಾತ್ರ ಬೆಂಗಳೂರಲ್ಲೇ ಇತ್ತು ಎಂದು ಒಪ್ಪಿಕೊಳ್ಳಬೇಕು.

ಆ ದಿನಗಳಲ್ಲಿ ಯಾರೋ ಕ್ಲಿಫ್ ಯಂಗ್ ಎಂಬ ಆಸ್ಟ್ರೇಲಿಯಾದ ರೈತನ ಕಥೆ ಕಳಿಸಿದರು. ಆಲೂಗಡ್ಡೆ ಬೆಳೆಯುವವನು. 1983ರಲ್ಲಿ, 61ನೇ ವಯಸ್ಸಿನಲ್ಲಿ, ಸಿಡ್ನಿಯಿಂದ ಮೆಲ್ಬರ್ನ್‌ಗೆ 875 ಕಿ.ಮೀ. ಓಟವನ್ನು 5 ದಿನ 15 ಗಂಟೆಗಳಲ್ಲಿ ಮುಗಿಸಿ ಎಳೆಯರನ್ನೆಲ್ಲ ಸೋಲಿಸಿದ. ಬಂದ 10,000 ಡಾಲರ್ ಬಹುಮಾನವನ್ನು ಜೊತೆಗೆ ಓಡಿದವರಿಗೆ ಹಂಚಿಬಿಟ್ಟ. ಹುಡುಗನಾಗಿದ್ದಾಗ ಮಳೆ ಬರುವ ಮುಂಚೆ ಕುರಿ ಕೂಡಿಹಾಕಲು ದಿನಗಟ್ಟಲೆ ಓಡುತ್ತಿದ್ದೆ ಎಂದು ಹೇಳಿಕೊಳ್ಳುತ್ತಿದ್ದನಂತೆ. ಈ ಕಥೆಯನ್ನು ಕಳಿಸುವವರು ಆತ ಅಭ್ಯಾಸವೇ ಇಲ್ಲದೆ, ನಿದ್ದೆಯೇ ಮಾಡದೆ ಗೆದ್ದ ಎಂದು ಸೇರಿಸುತ್ತಾರೆ. ಅದು ನಿಜವಲ್ಲ. ಮಿಕ್ಕವರಿಗಿಂತ ತೀರಾ ಕಡಿಮೆ ಮಲಗಿದ, ಅಷ್ಟೇ. ಅದಕ್ಕೂ ಮುಂಚೆ ವರ್ಷಗಟ್ಟಲೆ ದೂರದ ಓಟ ಓಡಿದ್ದ. ನನಗೆ ಇಷ್ಟವಾದದ್ದು ಆ ಭಾಗವೇ.

ಮರುವರ್ಷ ಮತ್ತೆ ಹೆಸರು ಬರೆಸಿದೆ, ಈ ಸಲ ಕೊಟ್ಟಿಗೆಯ ಕ್ಯಾಲೆಂಡರ್ ನೋಡಿಕೊಂಡು. ಎದೆಗೆ ಅಂಟಿಸಿಕೊಳ್ಳುವ ನಂಬರನ್ನು ಓಟದ ದಿನ ಕೊಡುವುದಿಲ್ಲ, ಮುಂಚೆಯೇ ಹೋಗಿ ತರಬೇಕು. ಅಂದರೆ ಶನಿವಾರ ಬೆಳಗಿನ ಹಾಲು ಹಾಕಿ ಹೊರಟರೆ ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ, ಎರಡು ಹೊತ್ತಿನ ಹಾಲು ಕರೆಯುವವರು ಬೇರೆ ಬೇಕು. ನಮ್ಮನೆಯವಳು ಹೂಂ ಅಂದಳು. ಅದರ ತೂಕ ನನಗೆ ಆಗ ಗೊತ್ತಾಗಲಿಲ್ಲ.

ಓಟದ ದಿನ ಮೆಟ್ರೋ ನಸುಕಿನಲ್ಲೇ ಬಿಟ್ಟಿದ್ದರು. ಎರಡು ಬಾಳೆಹಣ್ಣು, ಒಂದು ಲೋಟ ಕಪ್ಪು ಕಾಫಿ ಕುಡಿದು ಮಾಣಿಕ್‌ಷಾ ಪರೇಡ್ ಮೈದಾನ ಸೇರಿದೆ. ಕತ್ತಲಲ್ಲಿ ಸಾವಿರಾರು ಜನ. ನಾನು ಎದ್ದಿದ್ದು ದಿನದ ಹೊತ್ತಿಗೇ, ಅವರೆಲ್ಲ ನಿದ್ದೆಗೆಟ್ಟವರಂತೆ ಆಕಳಿಸುತ್ತಿದ್ದರು. ಅಲ್ಲಿ ಮಾತ್ರ ನಾನು ಮುಂದಿದ್ದೆ.

ಬಿಟ್ಟ ತಕ್ಷಣ ಜನ ನುಗ್ಗಿದರು, ನಾನೂ ನುಗ್ಗಿದೆ. ಮೊದಲ ಕಿಲೋಮೀಟರ್ 5 ನಿಮಿಷ 40 ಸೆಕೆಂಡು. ನಾಲೆ ಏರಿ ಮೇಲೆ ನನ್ನ ಲೆಕ್ಕ ಕಿಲೋಮೀಟರಿಗೆ ಏಳು ನಿಮಿಷ. ನಾಲೆ ಸಮತಟ್ಟು, ಬೆಂಗಳೂರು ಹಾಗಲ್ಲ. ಹಲಸೂರು ಕೆರೆ ಕಡೆಯ ಏರಿನಲ್ಲಿ ತೊಡೆ ಕಲ್ಲಾಯಿತು. ಏಳನೇ ಕಿಲೋಮೀಟರಿನಲ್ಲಿ ನಡೆದೆ. ನಡೆಯುತ್ತಿರುವಾಗ, ನನ್ನ ತಾಯಿಯ ವಯಸ್ಸಿನ ಹೆಂಗಸೊಬ್ಬರು ಸೀರೆ ಮೇಲೆತ್ತಿ ಕಟ್ಟಿ, ಒಂದೇ ಲಯದಲ್ಲಿ ಓಡುತ್ತ, "ನಿಲ್ಬೇಡ ಕಣಪ್ಪ, ನಿಧಾನಕ್ಕೆ ಬಾ" ಅಂದು ಮುಂದೆ ಹೋದರು. ಅವರನ್ನು ಮತ್ತೆ ಹಿಡಿಯಲು ಆಗಲಿಲ್ಲ.

ಮುಗಿದಾಗ ಗಡಿಯಾರ 1 ಗಂಟೆ 23 ನಿಮಿಷ ತೋರಿಸುತ್ತಿತ್ತು. ಸಪ್ಪೆಯಾದೆ. ಆಮೇಲೆ ಮೊಬೈಲಿಗೆ ಬಂದಿದ್ದು 1 ಗಂಟೆ 14 ನಿಮಿಷ 38 ಸೆಕೆಂಡು. ಡೇರಿಯಲ್ಲಿ ಕ್ಯಾನಿನ ತೂಕ ಕಳೆದು ಹಾಲಿನ ತೂಕ ಬರೆಯುತ್ತಾರಲ್ಲ, ಹಾಗೆ. ಹಿಂದೆ ನಿಂತವನು ಗೆರೆ ತಲುಪಲು ಹಿಡಿದ ಸಮಯವನ್ನು ನಂಬರಿಗೆ ಅಂಟಿಸಿದ ಚಿಪ್ ಕಳೆದುಬಿಡುತ್ತದೆ. 1 ಗಂಟೆ 10 ನಿಮಿಷ ನನ್ನ ಗುರಿಯಾಗಿತ್ತು. ಮೊದಲ ಕಿಲೋಮೀಟರಿನಲ್ಲಿ ಉಳಿಸಿದ ಒಂದೂಕಾಲು ನಿಮಿಷಕ್ಕೆ ಕೊನೆಯ ಮೂರರಲ್ಲಿ ಆರು ನಿಮಿಷ ಬಡ್ಡಿ ಕಟ್ಟಿದೆ.

ಭಾಮೈದನ ಮನೆಯಲ್ಲಿ ಒಂದು ಚೊಂಬು ಹಾಲು ಕುಡಿದೆ. ಬೆವರಿನಲ್ಲಿ ಹೋದ ಉಪ್ಪು ಮತ್ತು ನೀರು ಎರಡೂ ಹಾಲಿನಲ್ಲಿವೆ, ಜೊತೆಗೆ ಸೋತ ಮಾಂಸಖಂಡಕ್ಕೆ ಬೇಕಾದ ಪ್ರೋಟೀನು. ಓಡಿದ ಮೇಲೆ ಕುಡಿಯಿರಿ, ಓಡುವ ಮುಂಚೆ ಮಾತ್ರ ಬೇಡ. ಅಭ್ಯಾಸದ ದಿನಗಳಲ್ಲಿ ಒಮ್ಮೆ ಕುಡಿದು ಹೊರಟು ಪಂಪ್‌ಹೌಸ್ ಹಿಂದೆ ಕಕ್ಕಿದ್ದೇನೆ.

ಮಧ್ಯಾಹ್ನ ಮನೆಗೆ ಬಂದು ಪದಕ ತೋರಿಸಿದೆ. ಅವಳು ಡೇರಿ ಚೀಟಿ ತೋರಿಸಿದಳು. ಎರಡು ಹೊತ್ತಿನಲ್ಲಿ ಮೂರೂವರೆ ಲೀಟರ್ ಕಡಿಮೆ. ಎಚ್‌ಎಫ್ ಹಸು ನನ್ನ ಕೈಗೆ ಒಗ್ಗಿದ್ದು, ಅವಳಿಗೆ ಸೊರೆ ಬಿಟ್ಟಿರಲಿಲ್ಲ. ನಾಲ್ಕು ಹಸು ಒಬ್ಬಳೇ ಕರೆದು ಅವಳ ಮಣಿಕಟ್ಟು ಊದಿತ್ತು. "ನಿಮ್ ಕಾಲು ನೋವು ನಾಳಿದ್ದಿಗೆ ಹೋಯ್ತದೆ" ಅಂದಳು, ಅಷ್ಟೇ. ನಾನು ವಾರಕ್ಕೆ ನಾಲ್ಕು ದಿನ ಓಡಿದ ಒಂದೊಂದು ಗಂಟೆಯೂ ಅವಳು ಮೇವು ಹಾಕಿದ, ನೀರು ಕುಡಿಸಿದ ಗಂಟೆ ಎಂಬುದು ಒಂದೂವರೆ ವರ್ಷದಲ್ಲಿ ಮೊದಲ ಸಲ ತಲೆಗೆ ಹೋಯಿತು. ನಾನು ಓಡಿದೆ ಎಂದು ಊರೆಲ್ಲ ಹೇಳಿತು. ಅವಳು ಕರೆದಳು ಎಂದು ಯಾರೂ ಹೇಳಲಿಲ್ಲ, ನಾನೂ ಸೇರಿ.

ಈಗ ಸಕ್ಕರೆ 5.8ಕ್ಕೆ ಇಳಿದಿದೆ. ಓಟದಿಂದಲೇ ಎಂದು ಹೇಳಲಾರೆ, ದಿನಕ್ಕೆ ನಾಲ್ಕು ಲೋಟ ಸಕ್ಕರೆ ಕಾಫಿಯನ್ನೂ ಬಿಟ್ಟಿದ್ದೇನೆ. ಈಗಾಗಲೇ ಮಾತ್ರೆ ನುಂಗುತ್ತಿರುವವರು, ಎದೆನೋವು ಇರುವವರು ಡಾಕ್ಟರನ್ನು ಕೇಳದೆ ನನ್ನ ಹಾಗೆ ಹೊರಡಬೇಡಿ. ಪಾದವನ್ನು ಮಾತ್ರ ಎಲ್ಲರೂ ದಿನಾ ರಾತ್ರಿ ತೊಳೆದು ನೋಡಿಕೊಳ್ಳಿ.

ಕಳೆದ ತಿಂಗಳು ಅವಳು ರಕ್ತ ಪರೀಕ್ಷೆ ಮಾಡಿಸಿದಳು. 6.0. ಚೀಟಿ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡು, "ಅಲ್ಲಿ ಕಮ್ಮಿ ದೂರದ್ದೂ ಐತಂತಲ್ಲ?" ಅಂದಳು. ಈಗ ಬೆಳಿಗ್ಗೆ ಹಾಲು ಹಾಕಲು ಅವಳು ಬೈಕು ಹತ್ತುವುದಿಲ್ಲ, ಡೇರಿಗೆ ನಡೆದೇ ಹೋಗುತ್ತಾಳೆ. ಇಬ್ಬರೂ ಬೆಂಗಳೂರಿಗೆ ಹೋದರೆ ಕರೆಯುವವರು ಯಾರು ಎಂಬ ಪ್ರಶ್ನೆ ಉಳಿದಿತ್ತು. ಪಕ್ಕದ ಮನೆ ಹುಡುಗ ಒಪ್ಪಿದ್ದಾನೆ, ಅವರ ಮನೆ ನಾಟಿಗೆ ನಾವಿಬ್ಬರೂ ಎರಡು ದಿನ ಹೋಗಬೇಕು ಎಂಬ ಕರಾರಿನ ಮೇಲೆ. ಹಸು ಅವನ ಕೈಗೆ ಒಗ್ಗಲಿ ಎಂದು ಈ ವಾರದಿಂದ ಸಂಜೆ ಹಾಲು ಅವನೇ ಕರೆಯುತ್ತಿದ್ದಾನೆ. ಎಚ್‌ಎಫ್ ಇನ್ನೂ ಒದೆಯುತ್ತಿದೆ.