ತಾತಗುಣಿಯ ತೋಟ

ಎಲೆಕ್ಟ್ರಾನಿಕ್ ಸಿಟಿಯ ಆಚೆ ಮೂರು ಎಕರೆ ರಾಗಿಹೊಲವುಳ್ಳ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ಬೇಸಗೆಯಲ್ಲಿ ಬಂದು, "ಟೀಚರ್, ತಂದೆಯ ಹೊಲವನ್ನು ಮಾರಲು ಮನಸ್ಸಿಲ್ಲ. ಮರ ಬೆಳೆಸಿ, ಮಕ್ಕಳು ಬಂದು ನೋಡುವಂತಹ ವನವಾಗಿ ಬಿಟ್ಟರೆ ಅದು ಉಳಿಯುವುದೇ?" ಎಂದು ಕೇಳಿದಳು. ಬಾಯಿಮಾತಿನಲ್ಲಿ ಹೇಳಿ ಮುಗಿಸುವ ಪ್ರಶ್ನೆ ಇದಲ್ಲವಾದುದರಿಂದ, ಕನಕಪುರ ರಸ್ತೆಯ ತಾತಗುಣಿ ತೋಟದ ವೃತ್ತಾಂತವನ್ನು ಇಲ್ಲಿ ಬರೆಯುತ್ತೇವೆ.

ಸುಮಾರು 470 ಎಕರೆಯ ಈ ತೋಟವು ರಷ್ಯದ ಚಿತ್ರಕಾರರಾದ ಸ್ವೆತೊಸ್ಲಾವ್ ರೋರಿಕ್ ಅವರಿಗೂ, ಅವರು 1945ರಲ್ಲಿ ವಿವಾಹವಾದ ದೇವಿಕಾರಾಣಿಯವರಿಗೂ ಸೇರಿದ್ದಿತು. (ದೇವಿಕಾರಾಣಿಯವರು ಯಾರೆಂಬುದನ್ನು ಅಜ್ಜಿಯರಿಗೆ ನಾವು ತಿಳಿಸಬೇಕಾಗಿಲ್ಲ, ಅವರೇ ಮೊಮ್ಮಕ್ಕಳಿಗೆ ಹೇಳಲಿ.) ದಂಪತಿಗಳು ಅಲ್ಲಿ ಮುಖ್ಯವಾಗಿ ಬೆಳೆಸಿದುದು ಲಿನಾಲೋ ಎಂಬ ಮರ. ಅದರ ತೌರು ಮೆಕ್ಸಿಕೋ. ಆ ದೇಶದಲ್ಲಿ ಮರವನ್ನೇ ಕಡಿದು, ಕಟ್ಟಿಗೆಯಿಂದ ಪರಿಮಳದ ಎಣ್ಣೆಯನ್ನು ಇಳಿಸುತ್ತಿದ್ದರು. ನಮ್ಮ ಸೀಮೆಯಲ್ಲಾದರೋ ಕಾಯಿಯ ಸಿಪ್ಪೆಯನ್ನು ಹಬೆಯಲ್ಲಿ ಬಟ್ಟಿಯಿಳಿಸುವ ಪದ್ಧತಿ ನೆಲೆಸಿತು. ಮರ ನಿಂತಂತೆಯೇ ನಿಂತು ವರ್ಷವರ್ಷವೂ ಆದಾಯ ಕೊಡುವುದು. ಈ ಎಣ್ಣೆ ಸಾಬೂನು, ಅತ್ತರುಗಳಿಗೆ ಸಲ್ಲುತ್ತದೆ. ಇದನ್ನು ಬೆಳೆಯುವ ಭೂಮಿಗೆ 1961ರ ಭೂಸುಧಾರಣಾ ಕಾಯಿದೆಯಿಂದ ವಿನಾಯಿತಿಯೂ ಇದ್ದುದರಿಂದ, ಅಷ್ಟು ನೆಲ ಒಂದೇ ಕೈಯಲ್ಲಿ ಉಳಿಯಿತು.

ರೋರಿಕ್ ಅವರು 1993ರಲ್ಲಿಯೂ ದೇವಿಕಾರಾಣಿಯವರು 1994ರಲ್ಲಿಯೂ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ತೋಟವನ್ನು ತಾನು ಕೊಂಡಿರುವೆನೆಂದು ಒಂದು ಕಂಪನಿಯು ವಾದಿಸಿತು. ಸರ್ಕಾರವು 1994ರಲ್ಲಿ ಲಿನಾಲೋ ಭೂಮಿಯ ವಿನಾಯಿತಿಯನ್ನು ತೆಗೆದು, 1996ರಲ್ಲಿ ಈ ಒಂದು ತೋಟಕ್ಕಾಗಿಯೇ ಪ್ರತ್ಯೇಕ ಕಾಯಿದೆ ಮಾಡಿತು. ಮರಗಳನ್ನು ಕಾಪಾಡುವುದೂ ಚಿತ್ರಗಳಿಗೆ ಕಲಾಶಾಲೆಯನ್ನು ಸ್ಥಾಪಿಸುವುದೂ ಅದರ ಉದ್ದೇಶಗಳಲ್ಲಿ ಸೇರಿದ್ದುವು. ವ್ಯಾಜ್ಯವು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠದವರೆಗೆ ಹೋಗಿ, 2011ರ ಆಗಸ್ಟ್ ತಿಂಗಳಲ್ಲಿ ಕಾಯಿದೆಯು ಸಿಂಧುವೆಂದು ತೀರ್ಪಾಯಿತು. ಮಾಲೀಕರು ಗತಿಸಿ ಹದಿನೇಳು ವರ್ಷಗಳ ಮೇಲೆ!

ಇಷ್ಟಾದರೂ ನೆಲ ನೆಲವಾಗಿಯೇ ಉಳಿಯಿತು. ಬನ್ನೇರುಘಟ್ಟದ ಕಾಡು ಸಮೀಪವಾದುದರಿಂದ ಆನೆಗಳು ಅತ್ತ ಬರುವುದುಂಟು. 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದುದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ; ತಾತಗುಣಿಯ ತೋಟ ಅದಕ್ಕಿಂತ ದೊಡ್ಡದು. ಆ ಹೊಲಗಳು ಹಾಗಾದುವೆಂದು ನಾವು ದೂರುವುದಿಲ್ಲ. ನಮ್ಮ ಹುಡುಗಿಯರ ಸಂಬಳ ಅಲ್ಲಿಂದಲೇ ಬರುತ್ತಿದೆ.

ಪಿತ್ರಾರ್ಜಿತವಾದ ದ್ರಾಕ್ಷೇತೋಟವನ್ನು ಅರಸನಿಗೂ ಕೊಡೆನೆಂದ ನಾಬೋತನ ಕಥೆಯನ್ನು ಆಕೆ ನಮ್ಮ ತರಗತಿಯಲ್ಲಿಯೇ ಓದಿದವಳು. ಆದರೆ ನಾಬೋತನು ಸತ್ತ ಮೇಲೆ ತೋಟ ಅಹಾಬನ ಪಾಲಾಯಿತೆಂಬುದೂ ಅದೇ ಅಧ್ಯಾಯದಲ್ಲಿದೆ. ಆದುದರಿಂದ ಮೊದಲನೆಯ ಸಸಿಯನ್ನು ನೆಡುವುದಕ್ಕೆ ಮುಂಚೆ ಅಣ್ಣತಮ್ಮಂದಿರ ಒಪ್ಪಿಗೆ ಪಡೆದು, ತನ್ನ ಕಾಲಾನಂತರ ನೋಡಿಕೊಳ್ಳುವವರು ಯಾರೆಂದು ನಿಶ್ಚಯಿಸಿ, ಟ್ರಸ್ಟಿನ ಪತ್ರವನ್ನು ರಿಜಿಸ್ಟರ್ ಮಾಡಿಸೆಂದು ಆಕೆಗೆ ಬರೆದೆವು. ಅಣ್ಣನು ಒಪ್ಪಿದ್ದಾನಂತೆ, ತಮ್ಮನು ಯೋಚಿಸಿ ಹೇಳುವನಂತೆ.